ತನು, ಮನ, ಧನ: ಮೂರರ ಬೇನೆ ಒಂದೇ
(ಶ್ರಾವಣ ಸೋಮವಾರದ ಆಶೀರ್ವಚನ)



ಗುರುವಿಗೆ ತನು, ಲಿಂಗಕ್ಕೆ ಮನ, ಜಂಗಮಕ್ಕೆ ಧನ ಸವೆಸಬೇಕೆಂಬ ಮಾತನ್ನು ಕೇಳದ ಲಿಂಗವಂತನಿಲ್ಲ. ತೊಟ್ಟಿಲಲ್ಲಿದ್ದಾಗಿನಿಂದ ಈ ಮಾತು ನಮ್ಮ ಕಿವಿಯ ಮೇಲೆ ಬಿದ್ದಿದೆ. ಅರ್ಪಣೆಯ ಹೊತ್ತಿನಲ್ಲಿ ಈ ಮೂರೂ ಒಂದಾಗಿರಬೇಕೆಂದು ನಾವು ಬಲ್ಲೆವು. ಆದರೆ ಕೆಡುವ ಹೊತ್ತಿನಲ್ಲಿಯೂ ಇವು ಕೂಡಿಯೇ ಕೆಡುತ್ತವೆ ಎಂಬುದರ ಕಡೆಗೆ ನಮ್ಮ ಲಕ್ಷ್ಯ ಹೋಗುವುದಿಲ್ಲ. ಧನಕ್ಕೆ ಬಿದ್ದ ಪೆಟ್ಟು ಮನಕ್ಕೆ ಇಳಿಯುತ್ತದೆ. ಮನಕ್ಕೆ ಬಿದ್ದ ಪೆಟ್ಟು ತನುವಿಗೆ ಇಳಿಯುತ್ತದೆ. ತನು ಹಾಸಿಗೆ ಹಿಡಿದರೆ ದವಾಖಾನೆಯ ಖರ್ಚಿಗೆ ಧನ ಮತ್ತೆ ಕರಗುತ್ತದೆ. ಗಾಣದ ಎತ್ತು ತಿರುಗಿದ ದಾರಿಯಲ್ಲೇ ತಿರುಗಿದ ಹಾಗೆ ಎಷ್ಟೋ ಮನೆತನಗಳು ಈ ಸುತ್ತಿನಲ್ಲಿ ಸವೆದುಹೋಗುತ್ತಿವೆ. ಈ ದಿನ ಇದೊಂದೇ ವಿಷಯವನ್ನು ನಿಮ್ಮ ಮುಂದೆ ಇಡಬೇಕೆಂದಿದ್ದೇವೆ.

ನಮ್ಮ ಶಾಸ್ತ್ರವು ಶರೀರ ಒಂದೇ ಎಂದು ಹೇಳಲಿಲ್ಲ. ಸ್ಥೂಲತನು, ಸೂಕ್ಷ್ಮತನು, ಕಾರಣತನು ಎಂದು ಮೂರನ್ನು ಹೇಳಿ, ಅವಕ್ಕೆ ಇಷ್ಟಲಿಂಗ, ಪ್ರಾಣಲಿಂಗ, ಭಾವಲಿಂಗಗಳ ಸಂಬಂಧವನ್ನು ತೋರಿಸಿತು. ಕಣ್ಣಿಗೆ ಕಾಣುವ ಮೈ, ಅದರೊಳಗೆ ಸುಳಿಯುವ ಪ್ರಾಣ ಮತ್ತು ಮನಸ್ಸು, ಅದಕ್ಕೂ ಒಳಗಿನ ಭಾವ, ಇವು ಒಂದರೊಳಗೊಂದು ಇರುವಂಥವು. ಒಳಗಿನ ಕೋಣೆಯಲ್ಲಿ ಹೊಗೆ ಎದ್ದರೆ ಪಡಸಾಲೆಯಲ್ಲಿ ಕೂತವನಿಗೂ ಕಣ್ಣು ಉರಿಯುತ್ತದೆ. ಶರಣರು ಈ ಶರೀರವನ್ನು ಹೀನವೆಂದು ದೂಡಲಿಲ್ಲ, ಮನಸ್ಸನ್ನು ಅದರಿಂದ ಬೇರೆ ಮಾಡಿ ಆಕಾಶಕ್ಕೆ ಏರಿಸಲೂ ಇಲ್ಲ.

ಸೊಲ್ಲಾಪುರದ ಸುತ್ತಣ ಭಕ್ತರಿಗೆ ಸಿದ್ಧರಾಮೇಶ್ವರರ ಚರಿತ್ರೆಯನ್ನು ನಾವು ಹೇಳಬೇಕಾಗಿಲ್ಲ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿ ಸಾವಿರಾರು ಜನರಿಂದ ಕಾಯಕ ಮಾಡಿಸಿದ ಮಹಾತ್ಮರು ಅವರು. ಅಲ್ಲಮಪ್ರಭುಗಳು ಅಲ್ಲಿಗೆ ಬಂದು ಒಡ್ಡನೆಂದು ಕರೆದು ಕೆಣಕಿದರೆಂದೂ, ಸಿದ್ಧರಾಮರಿಗೆ ಕೋಪವುಕ್ಕಿ ಹಣೆಗಣ್ಣಿನ ಬೆಂಕಿ ಹೊರಟಿತೆಂದೂ, ಆ ಬೆಂಕಿ ಪ್ರಭುಗಳನ್ನು ಮುಟ್ಟದೆ ಅವರ ಊರನ್ನೇ ಸುಡಲು ಹೊರಟಿತೆಂದೂ ಶೂನ್ಯಸಂಪಾದನೆಯ ಕಥನವಿದೆ. ಅಷ್ಟು ದೊಡ್ಡ ಕರ್ಮಯೋಗಿಗೂ ಸಿಟ್ಟು ಬಂದಿತೆಂಬುದನ್ನು ಬರೆದಿಡಲು ನಮ್ಮ ಹಿರಿಯರು ನಾಚಲಿಲ್ಲ. ಕೆರೆ ಕಟ್ಟಿದ ಕೈಯೇ ಕಟ್ಟಿದ ಊರನ್ನು ಸುಡಬಲ್ಲದು ಎಂದು ನಮ್ಮನ್ನು ಎಚ್ಚರಿಸಿದರು. ಕೋಪವನ್ನು ಕುರಿತ ಅಣ್ಣನವರ ವಚನವಂತೂ ನಿಮಗೆಲ್ಲ ಬಾಯಿಪಾಠ. ಇಂದಿನ ವೈದ್ಯಶಾಸ್ತ್ರವು ಅದೇ ಬೆಂಕಿ ಮೈಯೊಳಗೆ ಯಾವ ದಾರಿಯಲ್ಲಿ ಹರಿಯುತ್ತದೆ ಎಂಬುದನ್ನು ಅಳೆದು ತೋರಿಸುತ್ತಿದೆ.

ಹೊಲದಲ್ಲಿ ಕಾಲ ಬುಡದಲ್ಲಿ ಹಾವು ಸರಿಯಿತೆನ್ನಿರಿ. ಏನಾಗುತ್ತದೆ? ಎದೆ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ, ಕಾಲಿಗೆ ಎಲ್ಲಿಲ್ಲದ ಬಲ ಬರುತ್ತದೆ. ಎರಡೂ ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕೂತಿರುವ ಸಣ್ಣ ಗ್ರಂಥಿಗಳಿವೆ. ಅಪಾಯದ ಸುದ್ದಿ ಮೆದುಳಿಗೆ ಮುಟ್ಟಿದ ಕೂಡಲೆ ಅವು ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳನ್ನು ರಕ್ತಕ್ಕೆ ಬಿಡುತ್ತವೆ. ರಕ್ತದ ಒತ್ತಡ ಏರುತ್ತದೆ, ರಕ್ತದಲ್ಲಿ ಸಕ್ಕರೆ ಹೆಚ್ಚುತ್ತದೆ, ಜೀರ್ಣದ ಕೆಲಸ ಸ್ವಲ್ಪ ಹೊತ್ತು ನಿಲ್ಲುತ್ತದೆ. ಹೋರಾಡುವುದಕ್ಕೋ ಓಡುವುದಕ್ಕೋ ಇದೊಂದು ಸಿದ್ಧತೆ ಎಂದು ಅಮೆರಿಕದ ವಾಲ್ಟರ್ ಕ್ಯಾನನ್ ಎಂಬ ವಿಜ್ಞಾನಿ 1915ರಷ್ಟು ಹಿಂದೆಯೇ ವಿವರಿಸಿದರು. ಹಾವು ಹೋದ ಮೇಲೆ ಎದೆ ತಣ್ಣಗಾಗುತ್ತದೆ. ದೇವರು ಕೊಟ್ಟ ಈ ಏರ್ಪಾಡಿನಲ್ಲಿ ದೋಷವಿಲ್ಲ.

ಆದರೆ ಸಾಲ ಎಂಬ ಹಾವು ಸರಿದು ಹೋಗುವುದಿಲ್ಲ. ಕೋರ್ಟಿನ ವ್ಯಾಜ್ಯ, ಅಣ್ಣತಮ್ಮಂದಿರ ಬಾಂದಿನ ಜಗಳ, ಮಗಳ ಮದುವೆ, ಮಳೆ ಇಲ್ಲದ ಮುಗಿಲು, ಇವು ರಾತ್ರಿಯೂ ತಲೆದಿಂಬಿನ ಬಳಿಯೇ ಇರುತ್ತವೆ. ನೀರು ಬತ್ತಿದ ಬಾವಿಗೆ ಮೋಟಾರು ಹಚ್ಚಿ ಬಂದ್ ಮಾಡುವುದನ್ನು ಮರೆತರೆ ಏನಾಗುತ್ತದೆಂದು ರೈತನಿಗೆ ಗೊತ್ತು. ನೀರು ಬರುವುದಿಲ್ಲ, ಒಳಗಿನ ತಂತಿ ಮಾತ್ರ ಸುಡುತ್ತದೆ. ಮೈಯ ಗತಿಯೂ ಅದೇ. ತಿಂಗಳು, ವರ್ಷಗಟ್ಟಲೆ ಈ ರಸಗಳು ಏರಿಯೇ ಇದ್ದರೆ ಬಿ.ಪಿ. ಹತೋಟಿಗೆ ಬರುವುದು ಕಷ್ಟ, ಸಕ್ಕರೆ ಕಾಯಿಲೆ ಇದ್ದವರಿಗೆ ಸಕ್ಕರೆ ಇಳಿಯುವುದು ಕಷ್ಟ, ನಿದ್ರೆ ಕೆಡುತ್ತದೆ, ರೋಗವನ್ನು ತಡೆಯುವ ಶಕ್ತಿ ಕುಗ್ಗುತ್ತದೆ. ಹ್ಯಾನ್ಸ್ ಸೆಲ್ಯೆ ಎಂಬ ವೈದ್ಯರು 1936ರಲ್ಲಿ ಈ ದೀರ್ಘ ಒತ್ತಡದ ಪರಿಣಾಮವನ್ನು ಕುರಿತು ಮೊದಲ ಲೇಖನ ಪ್ರಕಟಿಸಿದರು. ಅಲ್ಲಿಂದೀಚೆಗೆ ಈ ಶಾಸ್ತ್ರ ಬಹಳ ಬೆಳೆದಿದೆ.

ಎರಡು ಮೂರು ದೃಷ್ಟಾಂತಗಳನ್ನು ಕೇಳಿರಿ. 1822ರಲ್ಲಿ ಅಮೆರಿಕದಲ್ಲಿ ಒಬ್ಬ ತರುಣನಿಗೆ ಬಂದೂಕಿನ ಗುಂಡು ತಗಲಿ ಹೊಟ್ಟೆಯಲ್ಲಿ ರಂಧ್ರವಾಯಿತು. ಅವನು ಬದುಕಿದ, ಆದರೆ ರಂಧ್ರ ಮುಚ್ಚಲಿಲ್ಲ. ಬೋಮಾಂಟ್ ಎಂಬ ಸೈನ್ಯದ ವೈದ್ಯರು ಆ ಕಿಂಡಿಯಿಂದ ವರ್ಷಗಳ ಕಾಲ ಜಠರದ ಕೆಲಸ ನೋಡಿ 1833ರಲ್ಲಿ ಪುಸ್ತಕ ಬರೆದರು. ಆ ಮನುಷ್ಯ ಸಿಟ್ಟಾದಾಗ ಅನ್ನ ಅರಗುವ ಕೆಲಸವೇ ಕೆಡುತ್ತಿದ್ದುದನ್ನು ಅವರು ಕಣ್ಣಾರೆ ಕಂಡರು. ಉಣ್ಣುವ ತಾಟಿನ ಮುಂದೆ ಜಗಳ ತೆಗೆಯಬಾರದೆಂದು ನಮ್ಮ ಅಜ್ಜಿಯರು ಹೇಳುತ್ತಿದ್ದ ಬುದ್ಧಿಮಾತಿಗೆ ಇದಕ್ಕಿಂತ ಸಾಕ್ಷಿ ಬೇಕೆ?

1995ರಲ್ಲಿ ಅಮೆರಿಕದ ಓಹಿಯೋದಲ್ಲಿ ಇನ್ನೊಂದು ಪರೀಕ್ಷೆ ನಡೆಯಿತು. ಮರೆವಿನ ರೋಗ ಹತ್ತಿದ ಮನೆಯವರ ಸೇವೆಯನ್ನು ಹಗಲಿರುಳು ಮಾಡುತ್ತಿದ್ದ 13 ಹೆಣ್ಣುಮಕ್ಕಳನ್ನೂ, ಅಂಥ ಭಾರವಿಲ್ಲದ ಅದೇ ವಯಸ್ಸಿನ 13 ಜನರನ್ನೂ ಆರಿಸಿ, ತೋಳಿನ ಮೇಲೆ ಒಂದೇ ಅಳತೆಯ ಚಿಕ್ಕ ಗಾಯ ಮಾಡಿ, ಅದು ಮಾಯುವ ದಿನ ಎಣಿಸಿದರು. ಸೇವೆಯ ಭಾರ ಹೊತ್ತವರ ಗಾಯ ಮಾಯಲು ಸುಮಾರು 9 ದಿನ ಹೆಚ್ಚು ಬೇಕಾಯಿತು. ಲಕ್ವ ಹೊಡೆದ ಮಾವನನ್ನೋ ಹಾಸಿಗೆ ಹಿಡಿದ ಅತ್ತೆಯನ್ನೋ ಒಬ್ಬಳೇ ಎತ್ತಿ ಇಳಿಸುವ ಸೊಸೆ ನಿಮ್ಮ ಮನೆಯಲ್ಲಿದ್ದರೆ ಈ ಮಾತನ್ನು ಇನ್ನೊಮ್ಮೆ ಓದಿರಿ. ಅವಳ ದಣಿವು ಮಾತಿನ ದಣಿವಲ್ಲ, ಚರ್ಮದೊಳಗಿನ ದಣಿವು. ಸೇವೆಯನ್ನು ಹಂಚಿಕೊಳ್ಳುವುದೂ ದಾಸೋಹವೇ ಆಗಿದೆ.

ಹೃದಯಾಘಾತದ ಕಾರಣಗಳನ್ನು ಕುರಿತು 52 ದೇಶಗಳಲ್ಲಿ ನಡೆದ ದೊಡ್ಡ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಅದರ ಮುಂದಾಳು, ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಡಾ. ಸಲೀಂ ಯೂಸುಫ್. ತಂಬಾಕು, ಬಿ.ಪಿ., ಸಕ್ಕರೆ, ಕೊಬ್ಬು ಮುಂತಾದ ಒಂಬತ್ತು ಕಾರಣಗಳನ್ನು ಎಣಿಸಿದಾಗ ಮನೆ ಮತ್ತು ಕಸುಬಿನ ಒತ್ತಡ, ಹಣದ ಚಿಂತೆ, ಮನಸ್ಸಿನ ಕುಗ್ಗುವಿಕೆಗಳೂ ಅದರಲ್ಲಿ ಒಂದಾಗಿ ನಿಂತವು.

ಇಷ್ಟು ಕೇಳಿದ ಮೇಲೆ ಒಂದು ತಪ್ಪು ತಿಳುವಳಿಕೆಗೆ ಎಡೆಯಾಗಬಾರದು. ಎಲ್ಲ ರೋಗಕ್ಕೂ ಮನಸ್ಸೇ ಕಾರಣ, ಮನಸ್ಸು ಗಟ್ಟಿ ಮಾಡಿಕೊಂಡರೆ ಗುಳಿಗೆ ಬೇಡ ಎಂದು ನಾವು ಹೇಳುತ್ತಿಲ್ಲ. ಹೊಟ್ಟೆಹುಣ್ಣು ಚಿಂತೆಯಿಂದಲೇ ಆಗುತ್ತದೆ ಎಂದು ಡಾಕ್ಟರರೂ ಬಹಳ ಕಾಲ ನಂಬಿದ್ದರು. ಆಸ್ಟ್ರೇಲಿಯಾದ ವಾರೆನ್ ಮತ್ತು ಮಾರ್ಷಲ್ ಎಂಬ ಇಬ್ಬರು ವೈದ್ಯರು ಅದರ ಹಿಂದೆ ಒಂದು ಸೂಕ್ಷ್ಮಾಣು ಇದೆ ಎಂದು ತೋರಿಸಿದರು. ಯಾರೂ ನಂಬದಿದ್ದಾಗ ಮಾರ್ಷಲ್ 1984ರಲ್ಲಿ ಆ ಸೂಕ್ಷ್ಮಾಣುವನ್ನು ತಾವೇ ಕುಡಿದು ಪರೀಕ್ಷೆ ಮಾಡಿಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಹುಮಾನ ಬಂದಿತು. ಚಿಂತೆ ಬಿಡು ಎಂಬ ಉಪದೇಶದಿಂದ ವಾಸಿಯಾಗದೆ ನರಳಿದ ಎಷ್ಟೋ ಜನರು ಆಮೇಲೆ ಕೆಲವು ವಾರಗಳ ಔಷಧಿಯಿಂದ ಗುಣ ಹೊಂದಿದರು. ಆದ್ದರಿಂದ ಬೇನೆ ಬಿದ್ದವನನ್ನು ನೋಡಿ ಇದೆಲ್ಲ ನಿನ್ನ ಮನಸ್ಸಿನ ಭ್ರಮೆ ಎನ್ನಬೇಡಿರಿ. ಹೊಟ್ಟೆನೋವು ಎನ್ನುವ ಸೊಸೆಯನ್ನು ಸೋಗು ಎಂದು ಹಳಿಯಬೇಡಿರಿ. ಮನಸ್ಸಿನಿಂದ ಹುಟ್ಟಿದ ನೋವೂ ನೋವೇ. ಶನಿಕಾಟ, ಮಾಟ ಎಂದು ಪಂಚಾಂಗದವನ ಮನೆಗೆ ಓಡುವುದಂತೂ ಇಷ್ಟಲಿಂಗ ಕಟ್ಟಿದವನಿಗೆ ಸಲ್ಲದು. ಮೊದಲು ವೈದ್ಯರ ಪರೀಕ್ಷೆಯಾಗಲಿ, ಕೊಟ್ಟ ಗುಳಿಗೆ ತಪ್ಪದೆ ನಡೆಯಲಿ. ಆ ಗುಳಿಗೆಗೆ ಅಡ್ಡ ಬರುವ ಚಿಂತೆಯನ್ನು ಕಳೆಯುವ ಕೆಲಸವನ್ನು ಜೊತೆಗೇ ಮಾಡೋಣ.

ಗಡಿನಾಡಿನ ನಮ್ಮ ಭಕ್ತರಿಗೆ ಇದರಲ್ಲಿ ಇನ್ನೊಂದು ತೊಡಕಿದೆ. ಜತ್ತ, ಅಕ್ಕಲಕೋಟೆಯವರು ಮರಾಠಿ ಡಾಕ್ಟರರ ಮುಂದೆ ಕೂಡುತ್ತಾರೆ. ಆದವಾನಿ, ರಾಯದುರ್ಗ, ಮಡಕಶಿರಾದವರು ತೆಲುಗಿನವರ ಮುಂದೆ, ತಾಳವಾಡಿ, ಹೊಸೂರಿನವರು ತಮಿಳಿನವರ ಮುಂದೆ. ತಲೆನೋವು, ಹೊಟ್ಟೆನೋವು ಎಂದು ಯಾವ ಭಾಷೆಯಲ್ಲಾದರೂ ಹೇಳಬಹುದು, ಕೈಯಿಂದ ತೋರಿಸಲೂಬಹುದು. ಆದರೆ 'ಜೀವಕ್ಕ ಹಾಯೆನ್ನಂಗಿಲ್ಲರಿ, ಎದ್ಯಾಗ ಏನೋ ಕೂತಂಗ ಆಗೇತಿ' ಎಂಬುದನ್ನು ತಾಯಿನುಡಿಯಲ್ಲದೆ ಇನ್ನೊಂದರಲ್ಲಿ ಹೇಳುವುದು ಹೇಗೆ? ಹೇಳಲಾಗದ್ದು ಒಳಗೇ ಉಳಿಯುತ್ತದೆ. ಹೊಟ್ಟೆಯ ಔಷಧಿ ಕೈಗೆ ಬರುತ್ತದೆ, ಸಂಕಟ ಸಂಕಟವಾಗಿಯೇ ಊರಿಗೆ ಮರಳುತ್ತದೆ. ಆದ್ದರಿಂದ ಹಿರಿಯರನ್ನು ದವಾಖಾನೆಗೆ ಕರೆದೊಯ್ಯುವಾಗ ಎರಡೂ ಭಾಷೆ ಬಲ್ಲ ಮಗನೋ ಮೊಮ್ಮಗಳೋ ಜೊತೆಗಿರಲಿ. ನಿದ್ರೆ ಎಷ್ಟು, ಊಟ ಎಷ್ಟು, ಯಾವ ಚಿಂತೆ ಕೊರೆಯುತ್ತಿದೆ ಎಂಬುದನ್ನೂ ಡಾಕ್ಟರರಿಗೆ ಬಿಡಿಸಿ ಹೇಳಲಿ.

ಮನಸ್ಸಿನ ಬೇನೆಗೆ ದೂರದ ದೊಡ್ಡ ಆಸ್ಪತ್ರೆಯೇ ಬೇಕೆಂದೇನಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1985ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು, ಹಳ್ಳಿಗಳ ಆರೋಗ್ಯ ಕೇಂದ್ರದ ಡಾಕ್ಟರರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನೆಯ ಹತ್ತಿರವೇ ಮಾನಸಿಕ ರೋಗಕ್ಕೆ ಔಷಧಿ ಸಿಗುವಂತೆ ಮಾಡಿತು. ಆ ಬಳ್ಳಾರಿಯ ಮಾದರಿಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಆರಂಭವಾಯಿತು. ನಮ್ಮ ಸೀಮೆಯಲ್ಲಿ ಹಚ್ಚಿದ ದೀಪ ದೇಶಕ್ಕೆ ಬೆಳಕಾಯಿತೆಂದು ಅಭಿಮಾನಪಡೋಣ, ಆ ಬೆಳಕನ್ನು ಬಳಸಿಕೊಳ್ಳಲು ನಾಚದಿರೋಣ. 2022ರ ಅಕ್ಟೋಬರದಲ್ಲಿ ಸರಕಾರವು ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆಯನ್ನು ಆರಂಭಿಸಿದೆ. ಅದರ ಸಂಖ್ಯೆ 14416. ಕನ್ನಡದಲ್ಲಿಯೂ ಮಾತನಾಡಬಹುದು. ಈ ಸಂಖ್ಯೆಯನ್ನು ಅಡಿಗೆಮನೆಯ ಗೋಡೆಯ ಮೇಲೆ ಬರೆದಿಡಿರಿ.

ಇನ್ನು ಮಾಡಬೇಕಾದದ್ದೇನು? ತನು, ಮನ, ಧನ ಎಂಬ ಅದೇ ಮೂರು ಮೆಟ್ಟಿಲನ್ನು ಹಿಡಿಯೋಣ.

ಮೊದಲು ಧನ. ದಾಳಿಂಬೆಗೆ ರೋಗ ಬಿತ್ತು, ಉಳ್ಳಾಗಡ್ಡಿಯ ದರ ಇಳಿಯಿತು, ಆಡತ ಅಂಗಡಿಯ ಉದ್ರಿ ಬರಲಿಲ್ಲ. ಇದು ಯಾರಿಗೂ ಬರಬಹುದಾದ ಕಷ್ಟ. ಇದನ್ನು ಹೆಂಡತಿಗೂ ಹೇಳದೆ ಮುಚ್ಚಿಡುವುದೇ ವಿಷವಾಗುತ್ತದೆ. ಸೊಸೈಟಿಯ ಸಾಲ ಎಷ್ಟು, ಕೈಗಡ ಎಷ್ಟು, ಬಡ್ಡಿ ಎಷ್ಟು ಎಂದು ಒಂದು ಹಾಳೆಯ ಮೇಲೆ ಬರೆದು ಮನೆಮಂದಿಯ ಮುಂದೆ ಇಡಿರಿ. ತಲೆಯೊಳಗಿನ ಸಾಲಕ್ಕೆ ಅಳತೆಯಿಲ್ಲ. ಹಾಳೆಯ ಮೇಲೆ ಬಂದ ಸಾಲಕ್ಕೆ ಒಂದು ಅಂಕಿಯಿದೆ, ಅಂಕಿಗೆ ಒಂದು ದಾರಿಯಿದೆ. ಊರಿನ ಶರಣರು ಇಂಥವನನ್ನು ಕಟ್ಟೆಯ ಮೇಲೆ ಹೀನೈಸದೆ ಅವನ ಮನೆಗೆ ಹೋಗಿ ಕೂಡಲಿ. ಹಣ ಕೊಡುವ ಶಕ್ತಿಯಿಲ್ಲದವನು ಹೊತ್ತು ಕೊಟ್ಟರೂ ದಾಸೋಹವಾಯಿತು.

ಎರಡನೆಯದು ಮನ. ದಿನಕ್ಕೆ ಎರಡು ಸಲ ಲಿಂಗವನ್ನು ಕರಸ್ಥಲದಲ್ಲಿಟ್ಟು ದೃಷ್ಟಿ ನಿಲ್ಲಿಸಿ ಕೂಡಿರಿ. ಅವಸರದ ಪೂಜೆ ಬೇಡ. ಉಸಿರು ನಿಧಾನವಾದರೆ ಎದೆಯ ಬಡಿತವೂ ನಿಧಾನವಾಗುತ್ತದೆ, ಹೊಡೆದೆದ್ದ ನರಗಳು ತಣಿಯುತ್ತವೆ ಎಂಬುದನ್ನು ವೈದ್ಯರೂ ಒಪ್ಪುತ್ತಾರೆ. ಪೂಜೆ ಸಾಲವನ್ನು ತೀರಿಸುವುದಿಲ್ಲ, ಸಾಲ ತೀರಿಸಬೇಕಾದವನನ್ನು ಉಳಿಸುತ್ತದೆ.

ಮೂರನೆಯದು ತನು. ಬಿ.ಪಿ., ಸಕ್ಕರೆಯ ಗುಳಿಗೆಯನ್ನು ಮೈ ಹಗುರಾಯಿತೆಂದು ನೀವೇ ನಿಲ್ಲಿಸಬೇಡಿರಿ. ಚಿಂತೆಗೆಂದು ತಂಬಾಕು, ಸೆರೆ ಹಿಡಿದವನು ಒಂದು ಬೆಂಕಿಗೆ ಇನ್ನೊಂದು ಬೆಂಕಿ ಕೂಡಿಸಿದಂತೆ. ಎರಡು ವಾರ ಮೀರಿ ನಿದ್ರೆಯಿಲ್ಲ, ಊಟ ಸೇರುವುದಿಲ್ಲ, ಕೆಲಸದಲ್ಲಿ ಮನಸ್ಸಿಲ್ಲ ಎಂದರೆ ಡಾಕ್ಟರರಿಗೆ ತೋರಿಸಿರಿ. ಬದುಕೇ ಬೇಡ ಎಂಬ ಮಾತು ಯಾರ ಬಾಯಿಂದ ಬಂದರೂ ಅದನ್ನು ಬರಿಯ ಮಾತೆಂದು ಬಿಡಬೇಡಿರಿ. ಅವನನ್ನು ಒಬ್ಬನೇ ಬಿಡದೆ ಆ ದಿನವೇ ದವಾಖಾನೆಗೆ ಕರೆದೊಯ್ಯಿರಿ. ಬೆಳೆಗೆ ಹೊಡೆಯುವ ಔಷಧಿಯನ್ನು ಮನೆಯೊಳಗೆ ಕೈಗೆ ಸಿಗುವಂತೆ ಇಡದೆ ಬೀಗ ಹಾಕಿಡಿರಿ. ಒಂದು ಗಳಿಗೆಯ ಕತ್ತಲೆ ದಾಟಿದರೆ ಎಷ್ಟೋ ಜೀವಗಳು ಉಳಿಯುತ್ತವೆ.

1948ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನವು ಆರೋಗ್ಯವೆಂದರೆ ರೋಗವಿಲ್ಲದಿರುವುದಷ್ಟೇ ಆಗದೆ, ಮೈ, ಮನಸ್ಸು, ಸಮಾಜ ಮೂರರ ಸುಸ್ಥಿತಿ ಎಂದು ಸಾರಿತು. ಅಂಗಕ್ಕೆ ಲಿಂಗವನ್ನು, ಲಿಂಗಕ್ಕೆ ಜಂಗಮವನ್ನು ಕೂಡಿಸಿಕೊಟ್ಟ ಧರ್ಮದಲ್ಲಿ ಹುಟ್ಟಿದ ನಮಗೆ ಈ ಮಾತು ಹೊಸದಾಗಿ ತೋರಬಾರದು. ಈ ವಾರ ನಿಮ್ಮ ಓಣಿಯಲ್ಲಿ ಬಹುದಿನದಿಂದ ಬೇನೆ ಬಿದ್ದ ಒಬ್ಬರ ಮನೆಗೆ ಹೋಗಿರಿ. ಗುಳಿಗೆ ತಗೊಂಡಿರೇನು ಎಂದು ಮೊದಲು ಕೇಳಿರಿ, ಜೀವಕ್ಕೆ ಹೇಗಿದೆ ಎಂದು ಆಮೇಲೆ ಕೇಳಿರಿ. ಎರಡನೆಯ ಪ್ರಶ್ನೆಗೆ ಉತ್ತರ ಬರಲು ಹೊತ್ತು ಹಿಡಿಯುತ್ತದೆ. ಅಲ್ಲಿಯವರೆಗೆ ಕೂತಿರಿ.

ಎಲ್ಲರಿಗೂ ತನು ಮನಗಳ ಸ್ವಾಸ್ಥ್ಯವನ್ನು ಪರಶಿವನು ಕರುಣಿಸಲಿ.