ಕೊಟ್ಟದ್ದು, ಬಿಟ್ಟದ್ದು, ಕದ್ದದ್ದು

ಒಂದು ವಸ್ತುವನ್ನು ರೊಕ್ಕ ಕೊಟ್ಟು ತಂದ ಮೇಲೆ ಅದರೊಳಗೆ ಇರುವುದೆಲ್ಲಾ ನಮ್ಮದೇ ಏನು? ಹೊಲ ಕೊಂಡವನಿಗೆ, ಹಳೇ ಮನೆ ಕೊಂಡವನಿಗೆ, ಎತ್ತು ಕೊಂಡವನಿಗೆ ಈ ಪ್ರಶ್ನೆ ಮೊದಲಿಂದ ಇದ್ದದ್ದೇ. ಈಗ ಹಳೇ ಕಂಪ್ಯೂಟರ್ ಕೊಂಡವನಿಗೂ ಬಂದದ. ನಾನು ಏಳನೇ ಇಯತ್ತೆ ಕಲಿತವ. ಒಕ್ಕಲುತನ ಮಾಡಿಕೊಂಡು ಭಜನಿ ಪದ, ಡೊಳ್ಳಿನ ಪದ ಹಾಡಿಕೊಂಡು ಇರುವವ. ಕಂಪ್ಯೂಟರಿನ ವಿದ್ಯೆ ನನಗಿಲ್ಲ. ಆದರ ನಮ್ಮ ವಾಚನಾಲಯಕ್ಕೆ ಒಂದು ಹಳೇ ಕಂಪ್ಯೂಟರ್ ಬಂದಾಗ ನಮ್ಮೊಳಗ ಎದ್ದ ವಾದ ನ್ಯಾಯದ ವಾದ ಆಗಿತ್ತು. ಅದರಲ್ಲಿ ಮಾತಾಡುವ ಹಕ್ಕು ರೈತನಿಗೂ ಅದ ಅಂತ ತಿಳಿದು ಬರೆಯುತ್ತೇನೆ.

ಆ ಪೆಟ್ಟಿಗೆ ಮಿರಜದ ಒಂದು ಅಂಗಡಿಯಿಂದ ತಂದದ್ದು. ಯಾರದೋ ಮನೆಯಲ್ಲಿ ಎಂಟು ಹತ್ತು ವರ್ಷ ದುಡಿದದ್ದು. ಒಳಗ ವಿಂಡೋಸ್ 10 ಇತ್ತು. ಮೈಕ್ರೋಸಾಫ್ಟ್ ಕಂಪನಿ 2025ರ ಅಕ್ಟೋಬರ್ 14ಕ್ಕೆ ಅದರ ಮಾಮೂಲಿ ದುರಸ್ತಿ ನಿಲ್ಲಿಸಿತು. ಮುಂದಿನ ವಿಂಡೋಸ್ 11ಕ್ಕೆ ಹೊಸ ಪ್ರೊಸೆಸರ್ ಬೇಕು, ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ ಬೇಕು. ಹಳೇ ಪೆಟ್ಟಿಗೆಗಳಲ್ಲಿ ಅವು ಇಲ್ಲ. ಅದಕ್ಕೇ ಇಂಥವು ಈಗ ಅಗ್ಗಕ್ಕೆ ಸಿಗತಾವ. ಕೆಟ್ಟಿಲ್ಲ, ವಯಸ್ಸಾಗ್ಯದ ಅಷ್ಟೇ, ನಮ್ಮ ಹಂಗ.

ನನ್ನ ತಮ್ಮನ ಮೊಮ್ಮಗ ಡಿಪ್ಲೊಮಾ ಕಲಿಯುತ್ತಾನ. ಆಪರೇಟಿಂಗ್ ಸಿಸ್ಟಂ ಹೊಸದಾಗಿ ಹಾಕಬೇಕು ಅಂದ. ಆಪರೇಟಿಂಗ್ ಸಿಸ್ಟಂ ಅಂದ್ರ ಆ ಪೆಟ್ಟಿಗೆಯ ಕಾರಭಾರಿ ಇದ್ದಂಗ. ನಾವು ಒತ್ತಿದ ಅಕ್ಷರ ಕೇಳಿಸಿಕೊಂಡು, ಪರದೆಗೆ ತೋರಿಸಿ, ಇಟ್ಟದ್ದನ್ನು ಹುಡುಕಿ ಕೊಡುವವ ಅವನೇ. ಹಳೇ ಕಾರಭಾರಿಯನ್ನು ಕಳಿಸಿ ಹೊಸಬನನ್ನು ಕೂಡಿಸುವ ಮೊದಲು ಹುಡುಗ ಒಳಗ ನೋಡಿದ. ಮೊದಲಿನ ಮಾಲಕರ ಸಾಮಾನೆಲ್ಲ ಹಂಗೇ ಇತ್ತು. ಫೋಟೋ, ಕಾಗದಪತ್ರ, ಮತ್ತ 'ಆಯಿ' ಅಂತ ಹೆಸರಿಟ್ಟ ಒಂದು ಫೋಲ್ಡರ್. ಯಾರದು ಅಂತ ಗೊತ್ತಾಗಲಿ ಅಂತ ಅದರೊಳಗಿನ ಒಂದನ್ನು ತೆರೆದೆವು. ಒಬ್ಬ ಮುದುಕಿ ಬೀಸುಕಲ್ಲಿನ ಮುಂದೆ ಕೂತು ಮರಾಠಿಯಲ್ಲಿ ಓವಿ ಹಾಡುತ್ತಿದ್ದಳು. ಕಲ್ಲಿನ ಗರಗರ ಸಪ್ಪಳ, ನಡುನಡುವೆ ಕೆಮ್ಮು. ಹಾಡುವವನಿಗೆ ಇಂಥದ್ದು ಕೇಳಿದರ ಏನಾಗತದ ಅಂತ ಹಾಡುವವನಿಗೇ ಗೊತ್ತು. ಹಿಟ್ಟಿನ ಗಿರಣಿ ಬಂದ ಮೇಲೆ ಆ ದನಿ ನಮ್ಮ ಊರಿನೊಳಗೂ ನಿಂತು ಹೋಗ್ಯದ.

ಹುಡುಗ ಅಂದ, "ಮುತ್ಯಾ, ರೊಕ್ಕ ಕೊಟ್ಟೀವಿ, ಎಲ್ಲಾ ಒರೆಸಿಬಿಡೂಣು." ಮಾಸ್ತರರು ಅಂದರು, "ತಾಯಿ ದನಿ ಒರೆಸಬಾರದು ರೀ. ನಕಲು ಮಾಡಿ ಇಟ್ಟುಕೊಳ್ಳೋಣ, ವಾಚನಾಲಯದ ಸಂಗ್ರಹಕ್ಕೂ ಆಗತದ." ನನ್ನ ಮನಸ್ಸು ಮಾಸ್ತರರ ಕಡೆ ಎಳೆಯುತ್ತಿತ್ತು. ಮನಸ್ಸು ಎಳೆದ ಕಡೆ ನ್ಯಾಯ ಇರತದ ಅಂತ ಏನೂ ಇಲ್ಲ.

ನಮ್ಮಪ್ಪ ಜತ್ತದ ಯಲ್ಲಮ್ಮನ ಜಾತ್ರೆಯಲ್ಲಿ ಖಿಲಾರಿ ಎತ್ತು ಮಾರಿದಾಗ ಕೊರಳಿನ ಗಂಟಿ ಬಿಚ್ಚಿಕೊಂಡು ಬರುತ್ತಿದ್ದ. ಎತ್ತು ಕೊಂಡವನದು, ಗಂಟಿ ಮನೆಯದು. ಎತ್ತಿನ ಬಲ, ನಡಿಗೆ, ರೂಢಿ ಎಲ್ಲಾ ಬೆಲೆಯೊಳಗ ಬಂತು. ಗಂಟಿ ಬರಲಿಲ್ಲ. ಹಳೇ ಫೋನು, ಹಳೇ ಕಂಪ್ಯೂಟರ್ ಮಾರುವವರು ಬಹಳ ಮಂದಿ ಗಂಟಿ ಬಿಚ್ಚುವುದನ್ನೇ ಮರೆಯುತ್ತಾರ. ಮರೆತ ಗಂಟಿ ಕೊಂಡವನದಾಗುವುದಿಲ್ಲ. ಅವನು ಬೆಲೆ ಕೊಟ್ಟದ್ದು ಎತ್ತಿಗೆ.

ಹಂಗಂದ್ರ ಒರೆಸಬೇಕೇನು, ಕಾಯಬೇಕೇನು? ಇದಕ್ಕೂ ಹಳ್ಳಿಯಲ್ಲಿ ಒಂದು ದಾರಿ ಅದ. ಯಾರದೋ ದನ ನಮ್ಮ ಹೊಲಕ್ಕೆ ಬಂದರ ಅದನ್ನು ನಮ್ಮ ಗೋದಲಿಗೆ ಕಟ್ಟಿ ಹಾಲು ಹಿಂಡಿಕೊಳ್ಳುವುದಿಲ್ಲ, ಕಾಡಿಗೂ ಅಟ್ಟುವುದಿಲ್ಲ. ಕೊಂಡವಾಡಕ್ಕೆ ಹಾಕಿ ಊರಿಗೆ ತಿಳಿಸುತ್ತೇವೆ. ಮಾಲಕ ಬರಲಿ ಅಂತ ಮೇವು ಹಾಕಿ ಕಾಯುತ್ತೇವೆ. ಹಂಗೇ ನಾವೂ ಅಂಗಡಿಯವನಿಗೆ ಫೋನ್ ಮಾಡಿ, ಮೊದಲಿನ ಮಾಲಕನಿಗೆ ಸುದ್ದಿ ಮುಟ್ಟಿಸು ಅಂದೆವು. ಹದಿನೈದು ದಿನ ಪೆಟ್ಟಿಗೆ ಮುಚ್ಚಿಟ್ಟೆವು. ಎರಡನೇ ಸಲ ಯಾರೂ ಏನೂ ತೆರೆಯಲಿಲ್ಲ.

ಹತ್ತನೇ ದಿನ ಉತ್ತರ ಬಂತು: "ಬೇಡ, ಎಲ್ಲಾ ಅಳಿಸಿಬಿಡಿ." ಮಾಸ್ತರರಿಗೆ ಬಹಳ ಕೆಟ್ಟೆನಿಸಿತು. ಹೆತ್ತವಳ ದನಿ ಬೇಡ ಅನ್ನುವ ಮಗ ಎಂಥವನು ಅಂದರು. ನಾನು ಅಂದೆ, "ಮಾಸ್ತರ, ಆ ಮನೆಯೊಳಗ ಏನು ನಡೆದದ ನಮಗೇನು ಗೊತ್ತು? ಅವನ ಹತ್ರ ಇನ್ನೊಂದು ನಕಲು ಇರಬಹುದು. ಕೇಳಿದರ ಎದೆ ಒಡೆಯತದ ಅಂತ ಬೇಡ ಅಂದಿರಬಹುದು. ಆ ದುಃಖ ಅವನದು, ಬೇಡ ಅನ್ನೋ ಹಕ್ಕೂ ಅವನದೇ." ಮಾಸ್ತರರು ಸುಮ್ಮನಾದರು, ಆದರ ಒಪ್ಪಲಿಲ್ಲ. ಇವತ್ತಿಗೂ ಒಪ್ಪಿಲ್ಲ.

ಪದ ಎಲ್ಲರದು ಅಲ್ಲವೇ ಅಂತ ನೀವು ಕೇಳಬಹುದು. ಹೌದು, ಓವಿ ಎಲ್ಲರದು. ಬೀಸುವವರು ಒಬ್ಬರ ಬಾಯಿಂದ ಒಬ್ಬರಿಗೆ ಕೊಟ್ಟುಕೊಂಡು ಬಂದದ್ದು. ಅದನ್ನ ನಾನೂ ಹಾಡಬಹುದು. ಆದರ ಆ ದನಿ, ಆ ಕೆಮ್ಮು, ಆ ಮನೆಯ ಕಲ್ಲಿನ ಸಪ್ಪಳ ಯಾರೂ ನಮಗೆ ಕೊಟ್ಟದ್ದಲ್ಲ. ಕೊಟ್ಟದ್ದು ಬ್ಯಾರೆ, ಬಿಟ್ಟದ್ದು ಬ್ಯಾರೆ.

ಅಳಿಸುವುದರಲ್ಲೂ ಎರಡು ತರಹ ಅದ ಅಂತ ಹುಡುಗ ತಿಳಿಸಿ ಹೇಳಿದ. ಬೇಗ ಆಗುವ ಕ್ವಿಕ್ ಫಾರ್ಮ್ಯಾಟ್ ಮಾಡಿದರ ಡಿಸ್ಕಿನಲ್ಲಿ ಯಾವುದು ಎಲ್ಲಿದೆ ಅನ್ನುವ ಪಟ್ಟಿ ಮಾತ್ರ ಹೋಗತದ, ಸಾಮಾನು ಹಂಗೇ ಉಳಿಯತದ. ತಲಾಠಿ ಸಾತಬಾರಾ ಉತಾರೆಯಲ್ಲಿ ಹೆಸರು ಹೊಡೆದು ಹಾಕಿದ ಮಾತ್ರಕ್ಕೆ ಹೊಲದಲ್ಲಿ ನಿಂತ ಜೋಳ ಮಾಯ ಆಗುವುದಿಲ್ಲವಲ್ಲ, ಹಂಗ. ಹುಡುಕಿ ತೆಗೆಯುವ ಸಾಫ್ಟ್‌ವೇರ್ ಇದ್ದವರು ಮತ್ತ ತೆಗೆಯಬಹುದು. ಪೂರ್ತಿ ಅಳಿಸಬೇಕಾದರ ಡಿಸ್ಕಿನ ತುಂಬಾ ಸೊನ್ನೆ ಬರೆಯಬೇಕು. ಕರಿಕಿ ಹುಲ್ಲಿಗೆ ಕುಂಟಿ ಹೊಡೆದರ ಮೇಲಿನದು ಹೋಗತದ, ಬೇರು ಹೋಗಬೇಕಾದರ ನೇಗಿಲು ಹೂಡಬೇಕು. ನಮ್ಮ 500 ಜಿಬಿ ಹಾರ್ಡ್ ಡಿಸ್ಕಿಗೆ ಎರಡು ತಾಸಿನ ಮೇಲೆ ಹಿಡಿಯಿತು. ಎಸ್‌ಎಸ್‌ಡಿ ಇದ್ದರ ಅದರ ರೀತಿ ಬ್ಯಾರೆ ಅಂತ. ಒರೆಸಿದೆವು ಅಂತ ಹೇಳಿ ಅರ್ಧಕ್ಕೆ ಬಿಟ್ಟರ ಅದು ಮಾತಿಗೆ ತಪ್ಪಿದಂಗ. ಎರಡು ತಾಸು ಕರೆಂಟ್ ಹೋಗದಿರಲಿ ಅಂತ ಎಲ್ಲರೂ ಕಾಯುತ್ತ ಕೂತೆವು.

ಇನ್ನು ಹೊಸ ಕಾರಭಾರಿಯ ಮಾತು. ಅಂಗಡಿಯವ ಅಂದಿದ್ದ, "ಮುನ್ನೂರು ರೂಪಾಯಿ ಕೊಡ್ರಿ, ಲೈಸನ್ಸ್ ಇಲ್ಲದ ವಿಂಡೋಸ್ ಹಾಕಿ ಕೊಡತೀನಿ, ಯಾರು ನೋಡತಾರ?" ಯಾರೂ ನೋಡಲಿಕ್ಕಿಲ್ಲ. ಆದರ ಅದು ಕದ್ದದ್ದು. ಹುಡುಗ ಪೆನ್ ಡ್ರೈವಿನಲ್ಲಿ ಲಿನಕ್ಸ್ ಮಿಂಟ್ ತಂದು ಹಾಕಿದ. 1991ರಲ್ಲಿ ಫಿನ್‌ಲ್ಯಾಂಡಿನ ಲಿನಸ್ ಟೊರ್ವಾಲ್ಡ್ಸ್ ಅನ್ನುವ 21 ವರ್ಷದ ವಿದ್ಯಾರ್ಥಿ ಲಿನಕ್ಸ್ ಶುರು ಮಾಡಿದನಂತ. ಅದಕ್ಕೂ ಮೊದಲು, 1983ರಲ್ಲಿ, ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಎಲ್ಲರಿಗೂ ಮುಕ್ತವಾದ ಸಾಫ್ಟ್‌ವೇರ್ ಬರೆಯುತ್ತೇನೆ ಅಂತ ಸಾರಿದ್ದ. ಇವರ ಕರಾರು ಕೇಳಿ ನನಗ ಬಹಳ ಸಂತೋಷ ಆಯಿತು. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ಆದರ ಮೊದಲು ಬರೆದವರ ಹೆಸರು ತೆಗೆಯಬಾರದು, ಹಂಚುವಾಗ ತೆಗೆದುಕೊಂಡವರಿಗೂ ಅದೇ ಸ್ವಾತಂತ್ರ್ಯ ಕೊಡಬೇಕು. ನಮ್ಮ ಭಜನಿ ಮೇಳದ ನೇಮವೂ ಇದೇ ಅಲ್ಲವೇನ್ರಿ? ಪದ ಯಾರು ಬೇಕಾದರೂ ಹಾಡಲಿ, ಧಾಟಿ ಬದಲಿಸಲಿ, ಶಿಷ್ಯನಿಗೆ ಕಲಿಸಲಿ. ಕಡೀ ನುಡಿಯೊಳಗಿನ ಅಂಕಿತ ಮಾತ್ರ ಬಿಡಬಾರದು. ನೋಡದ ದೇಶದವರು ನಮ್ಮ ನೇಮವನ್ನೇ ಹಿಡಿದಾರ ಅಂತ ನನಗ ಅನಿಸಿತು.

ಒಂದೇ ಪೆಟ್ಟಿಗೆಯೊಳಗ ಮೂರು ತರಹದ ಸಾಮಾನು ನಮ್ಮ ಮುಂದೆ ಬಂತು. ಕೊಟ್ಟದ್ದನ್ನು ಕೊಟ್ಟವರ ಹೆಸರು ನೆನೆದು ತೆಗೆದುಕೊಂಡೆವು. ಬಿಟ್ಟದ್ದನ್ನು ಕೇಳಿ, ಮಾಲಕ ಹೇಳಿದಂಗ ಮಾಡಿದೆವು. ಕದ್ದದ್ದನ್ನು ಮುಟ್ಟಲಿಲ್ಲ. ಆಸೆ ಬಂದಾಗ ಈ ಮೂರೂ ಒಂದೇ ತರಹ ಕಾಣತಾವ. ಯಾರೂ ನೋಡದ ಜಾಗದಲ್ಲಿ ಅವನ್ನ ಬ್ಯಾರೆ ಮಾಡಿ ಇಡುವುದೇ ಕಷ್ಟ.

ಹಳೇ ಫೋನು, ಕಂಪ್ಯೂಟರ್ ಮಾರುವವರು ಗಂಟಿ ಬಿಚ್ಚಿಕೊಂಡು ಮಾರ್ರಿ. ಕೊಳ್ಳುವವರು ಗಂಟಿ ಕಂಡರ ಬಾರಿಸಿ ನೋಡಬ್ಯಾಡ್ರಿ, ಒಂದು ಸಲ ಮಾಲಕನನ್ನು ಕೂಗ್ರಿ. ಅವನು ಬೇಡ ಅಂದರ ಬೇರು ಸಹಿತ ಅಳಿಸ್ರಿ. ಆ ಮುದುಕಿಯ ಓವಿಯ ಧಾಟಿ ನನ್ನ ಕಿವಿಯಲ್ಲಿ ಉಳಿದದ. ಕಿವಿಗೆ ಸೊನ್ನೆ ಬರೆಯುವ ವಿದ್ಯೆ ಇನ್ನೂ ಬಂದಿಲ್ಲ. ಹಾಡಬೇಕು ಅನಿಸಿದಾಗ ನನ್ನ ದನಿಯಲ್ಲೇ ಹಾಡುತ್ತೇನೆ.