ಇತ್ರೋವನ ಆಲೋಚನೆಯೂ ವೇಲೂರಿನ ಡಾಕ್ಟರಮ್ಮನವರೂ

ಆಧಾರ: ವಿಮೋಚನಕಾಂಡ 18ನೇ ಅಧ್ಯಾಯ, 13ರಿಂದ 26ರ ವರೆಗಿನ ವಚನಗಳು



ಮೋಶೆಯು ಬೆಳಗಿನಿಂದ ಸಾಯಂಕಾಲದ ವರೆಗೆ ಒಬ್ಬನೇ ಕೂತುಕೊಂಡು ಜನರ ವ್ಯಾಜ್ಯಗಳನ್ನು ತೀರಿಸುತ್ತಿದ್ದದ್ದನ್ನೂ, ಅವನ ಮಾವನಾದ ಇತ್ರೋವನು ಅದನ್ನು ನೋಡಿ ಮೆಚ್ಚದೆ ಹೋದದ್ದನ್ನೂ ನೀವು ಬಲ್ಲಿರಿ. ಮೋಶೆಯಲ್ಲಿ ಸೋಮಾರಿತನವಿರಲಿಲ್ಲ, ಪ್ರೀತಿಯ ಕೊರತೆಯೂ ಇರಲಿಲ್ಲ. ಆದಾಗ್ಯೂ ಕೆಲಸವು ಒಬ್ಬನ ಶಕ್ತಿಗೆ ಮೀರಿದ್ದಾಗಿತ್ತು. ದೇವಭಯವುಳ್ಳ ಬೇರೆಯವರಿಗೆ ಕಲಿಸಿ ಭಾರವನ್ನು ಹಂಚಿಕೊಡಬೇಕೆಂಬದೇ ಮಾವನ ಬುದ್ಧಿವಾದದ ಸಾರ. ಮುಂದಿನ ಅಧ್ಯಾಯದಲ್ಲಿ ಸೀನಾಯಿ ಬೆಟ್ಟದ ಗುಡುಗು ಮಿಂಚುಗಳು ಕಾದಿರುವದರಿಂದ, ಅಧಿಕಾರಿಗಳನ್ನು ನೇಮಿಸಿದ ಈ ಸಂಗತಿಯನ್ನು ನಾವು ಸಪ್ಪೆಯೆಂದೆಣಿಸಿ ಬೇಗನೆ ಓದಿ ದಾಟಿಬಿಡುತ್ತೇವೆ.

ಒಬ್ಬ ವೈದ್ಯರು ರೋಗಿಯ ಹಾಸಿಗೆಯ ಬಳಿಯಿಂದ ಎದ್ದು ಆಸ್ಪತ್ರೆಯ ಆಡಳಿತಕ್ಕೆ ಕೂತರೆ, ಇವರು ಸೇವೆಯನ್ನು ಬಿಟ್ಟು ದೊರೆತನಕ್ಕೆ ಹೋದರು ಎಂದು ಹೇಳುವವರುಂಟು. ಈ ಮಾತು ನ್ಯಾಯವೋ ಅಲ್ಲವೋ ಎಂಬದನ್ನು ಡಾಕ್ಟರ್ ಈಡಾ ಸ್ಕಡರ್ ಅಮ್ಮನವರ ಜೀವಿತವನ್ನು ನೋಡಿ ವಿಚಾರಿಸೋಣ.

ಇವರು 1870ರ ಡಿಸೆಂಬರ್ 9ರಂದು ತಮಿಳುದೇಶದ ರಾಣಿಪೇಟೆಯಲ್ಲಿ ಹುಟ್ಟಿದರು. ತಂದೆಯೂ ಅಜ್ಜನೂ ಅಮೇರಿಕದಿಂದ ಬಂದ ವೈದ್ಯ ಮಿಶನರಿಗಳು. ಮನೆತನ ಹೀಗಿದ್ದರೂ ಮಗಳಿಗೆ ಆ ದಾರಿ ಬೇಡವಾಗಿತ್ತು. 1890ರಲ್ಲಿ ಅವರು ಅಮೇರಿಕದಿಂದ ತಿಂಡಿವನಕ್ಕೆ ಬಂದದ್ದು ಅಸ್ವಸ್ಥಳಾದ ತಾಯಿಯನ್ನು ನೋಡಿಕೊಳ್ಳುವದಕ್ಕೆ ಮಾತ್ರವೇ. ಬೇಗನೆ ಹಿಂದಿರುಗಬೇಕೆಂಬದೇ ಮನಸ್ಸು.

ಅಲ್ಲಿ ಒಂದು ರಾತ್ರಿ ಮೂವರು ಗಂಡಸರು ಒಬ್ಬರ ಹಿಂದೆ ಒಬ್ಬರು ಬಾಗಿಲು ತಟ್ಟಿದರು. ಮೂವರ ಹೆಂಡತಿಯರೂ ಪ್ರಸವವೇದನೆಯಲ್ಲಿದ್ದರು. ತಂದೆಯವರು ಹೊರಡಲು ಸಿದ್ಧರೇ; ಆದರೆ ಪರಪುರುಷನು ಹೆರಿಗೆಯ ಕೋಣೆಗೆ ಬರುವದನ್ನು ಆ ಮನೆಯವರು ಒಪ್ಪರು. ಮಗಳು ಬರಲೆಂದು ಅವರು ಬೇಡಿಕೊಂಡರು. ಮಗಳಿಗೆ ವೈದ್ಯವಿದ್ಯೆ ತಿಳಿಯದು. ಬೆಳಗಾಗುವಷ್ಟರಲ್ಲಿ ಆ ಮೂವರು ಹೆಂಗಸರೂ ತೀರಿಹೋಗಿದ್ದರು. ಔಷಧವಿದ್ದ ಊರಿನಲ್ಲೇ, ವೈದ್ಯನಿದ್ದ ಬೀದಿಯಲ್ಲೇ ಅವರು ಸತ್ತರು. ಇಲ್ಲದೆ ಹೋದದ್ದು ವಿದ್ಯೆ ಕಲಿತ ಒಬ್ಬ ಹೆಂಗಸು.

ಈಡಾ ಅಮ್ಮನವರು ಅಮೇರಿಕಕ್ಕೆ ಹೋಗಿ 1899ರಲ್ಲಿ ಕಾರ್ನೆಲ್ ವೈದ್ಯಶಾಲೆಯಲ್ಲಿ ಪದವಿ ಪಡೆದು, 1900ರಲ್ಲಿ ವೇಲೂರಿಗೆ ಬಂದರು. ಅದೇ ವರುಷ ತಂದೆಯವರು ನಿದ್ರೆಹೋದರು. ಬಂಗಲೆಯ ಒಂದು ಸಣ್ಣ ಕೋಣೆಯೇ ದವಾಖಾನೆಯಾಯಿತು. ಎರಡು ವರುಷಗಳಲ್ಲಿ 5,000 ರೋಗಿಗಳನ್ನು ನೋಡಿದರು. 1902ರಲ್ಲಿ, ನ್ಯೂಯಾರ್ಕಿನ ಶೆಲ್ ಎಂಬ ಧನಿಕರು ತಮ್ಮ ಹೆಂಡತಿಯ ನೆನಪಿಗಾಗಿ ಕೊಟ್ಟ 10,000 ಡಾಲರ್ ಹಣದಿಂದ, 40 ಮಂಚಗಳ ಆಸ್ಪತ್ರೆಯು ತೆರೆಯಿತು.

ಮಂಚಗಳು ಹೆಚ್ಚಿದವು, ಡಾಕ್ಟರಮ್ಮನವರ ಕೈಗಳು ಮಾತ್ರ ಎರಡೇ. ಅವರು ದಿನವಿಡೀ ಶಸ್ತ್ರಚಿಕಿತ್ಸೆ ಮಾಡಿದರೂ, ಗುಡಿಯಾತ್ತಂ ರಸ್ತೆಯ ಮರಗಳ ನೆರಳಿನಲ್ಲಿ ಗಾಡಿ ನಿಲ್ಲಿಸಿ ಹಳ್ಳಿಯವರ ಹುಣ್ಣುಗಳನ್ನು ತೊಳೆದು ಕಟ್ಟಿದರೂ, ಇನ್ನೂರು ಹಳ್ಳಿಗಳಾಚೆ ಅದೇ ಮೂರು ಬಾಗಿಲುಗಳ ಸದ್ದು ಕೇಳುವವರಿಲ್ಲದೆ ಇತ್ತಲ್ಲವೇ? ಆದಕಾರಣ ಅವರು ಕಲಿಸುವದಕ್ಕೆ ತೊಡಗಿದರು. 1909ರಲ್ಲಿ ದಾದಿಯರ ಶಾಲೆಯು ಆರಂಭವಾಯಿತು. 1918ರಲ್ಲಿ ಹೆಣ್ಣುಮಕ್ಕಳಿಗಾಗಿ ವೈದ್ಯಶಾಲೆಯು ತೆರೆಯಿತು. ಅಪೇಕ್ಷಿಸಿ ಬರುವವರು ಮೂವರು ಸಿಕ್ಕಿದರೆ ಹೆಚ್ಚು ಎಂದು ನಕ್ಕವರಿದ್ದರು. ಮೊದಲನೇ ವರುಷವೇ 151 ಅರ್ಜಿಗಳು ಬಂದವು!

ಇಲ್ಲಿಂದ ಮುಂದಕ್ಕೆ ಅವರ ದಿನಗಳು ಬಹಳ ಮಟ್ಟಿಗೆ ಕಾಗದಪತ್ರ, ಲೆಕ್ಕ, ಕಟ್ಟಡದ ಕಲ್ಲುಸುಣ್ಣ, ಸರಕಾರದ ಅಪ್ಪಣೆ, ದೇಶದೇಶಗಳಲ್ಲಿ ಹಣ ಬೇಡುವದು, ಇವುಗಳಲ್ಲಿ ಕಳೆದವು. ಹಾಡಿ ಹೊಗಳುವಂಥ ಕೆಲಸವಲ್ಲ. ಆದರೆ ಲೆಕ್ಕವು ತಪ್ಪಿದ ಆಸ್ಪತ್ರೆಯಲ್ಲಿ ಕ್ವಿನೈನ್ ಮುಗಿದ ದಿನ ಜ್ವರದವನಿಗೆ ನಾವು ಏನನ್ನು ಕೊಡೋಣ? ನಮ್ಮ ಕೆಲವು ಸಭೆಗಳಲ್ಲಿ ಹಾಡು ಹಿಡಿಯುವವನೂ ಚಂದಾ ಎತ್ತುವವನೂ ಬೀಗದ ಕೈ ಇಟ್ಟುಕೊಳ್ಳುವವನೂ ಒಬ್ಬನೇ ಆಗಿರುತ್ತಾನೆ. ಅವನು ಕಾಯಿಲೆ ಬಿದ್ದರೆ ಆದಿತ್ಯವಾರ ದೇವಾಲಯದ ಬಾಗಿಲೂ ತೆರೆಯದು. ಇದು ನಂಬಿಗಸ್ತಿಕೆಯೆಂದು ಕೆಲವರು ಹೊಗಳುತ್ತಾರೆ. ಇತ್ರೋವನು ಹೊಗಳುತ್ತಿರಲಿಲ್ಲ.

ಕಠಿಣವಾದ ಶೋಧನೆಯು ಅಮ್ಮನವರ ಮುಪ್ಪಿನಲ್ಲಿ ಬಂತು. ವೇಲೂರಿನಲ್ಲಿ ಕಲಿಸುತ್ತಿದ್ದದ್ದು ಎಲ್.ಎಮ್.ಪಿ. ಎಂಬ ಕೆಳದರ್ಜೆಯ ವೈದ್ಯಪರೀಕ್ಷೆಗೆ. 1930ರ ದಶಕದ ಕೊನೆಯಲ್ಲಿ ಮದ್ರಾಸ್ ಸರಕಾರವು ಆ ಪರೀಕ್ಷೆಯನ್ನು ನಿಲ್ಲಿಸುವದೆಂದು ತೀರ್ಮಾನಿಸಿತು. ವಿಶ್ವವಿದ್ಯಾಲಯದ ಎಂ.ಬಿ.ಬಿ.ಎಸ್. ಪದವಿಯ ಮಟ್ಟಕ್ಕೆ ಏರಬೇಕು, ಇಲ್ಲವೇ ಮುಚ್ಚಬೇಕು. ಏರುವದಕ್ಕೆ ಹೆಚ್ಚು ಮಂಚಗಳೂ ಉನ್ನತ ಪದವಿಯ ಅಧ್ಯಾಪಕರೂ ರಾಶಿ ಹಣವೂ ಬೇಕಾಗಿದ್ದವು. ಅಮ್ಮನವರು ಎಪ್ಪತ್ತು ದಾಟಿದ ಮೇಲೆ, 1941ರಲ್ಲಿ, ಯುದ್ಧದ ನಡುವೆ ಅಮೇರಿಕಕ್ಕೆ ಹೋಗಿ ತಿರುಗಿ ಬೇಡಿದರು. ಎಲ್ಲಾ ಮಿಶನ್‌ಗಳೂ ಕೂಡಿ ಗಂಡಸರಿಗೂ ಕಲಿಸುವ ಒಂದು ಕಾಲೇಜಾಗಿ ಮಾಡುವದಾದರೆ ಉಳಿಯುವದೆಂದು ತೋರಿತು. ಹೆಂಗಸರಿಗಾಗಿಯೇ ಕಟ್ಟಿದ ಮನೆಯಲ್ಲವೇ ಅದು! ಹಿಂದೆ ಹಣಕೂಡಿಸುವದರಲ್ಲಿ ಬಲಗೈಯಂತಿದ್ದ ಲೂಸಿ ಪೀಬಡಿ ಅಮ್ಮನವರು ಇದನ್ನು ಬಲವಾಗಿ ವಿರೋಧಿಸಿದರು. ಹಳೆಯ ಸ್ನೇಹವೇ ಮುರಿಯುವಂತಾಯಿತು. ಆದರೂ ಈಡಾ ಅಮ್ಮನವರು ಒಪ್ಪಿಕೊಂಡರು. 1942ರಲ್ಲಿ ಪದವಿಯ ಪಾಠಗಳು ಆರಂಭವಾದವು. 1947ರಲ್ಲಿ ಗಂಡುಹುಡುಗರು ಸೇರಿದರು. ನನ್ನ ಅಭಿಪ್ರಾಯದಲ್ಲಿ, ಅವರು ಮಾಡಿದ ಯಾವ ಶಸ್ತ್ರಚಿಕಿತ್ಸೆಗಿಂತಲೂ ಈ ಒಪ್ಪಿಗೆಯೇ ಹೆಚ್ಚು ನೋವಿನದು. ತನ್ನದೆಂದು ಕರೆಯಬಹುದಾಗಿದ್ದದ್ದನ್ನು ಕರ್ತನದೆಂದು ಬಿಟ್ಟುಕೊಡುವದು ಸುಲಭವಲ್ಲ.

ಅನಂತರ ಅಧಿಕಾರವನ್ನೂ ಬಿಟ್ಟುಕೊಟ್ಟರು. 1940ರ ದಶಕದ ಕೊನೆಯಲ್ಲಿ ಆ ಸ್ಥಾನಕ್ಕೆ ಬಂದವರು ಡಾಕ್ಟರ್ ಹಿಲ್ಡಾ ಲಾಜರಸ್, ವಿಶಾಖಪಟ್ಟಣದ ಕ್ರೈಸ್ತ ಮನೆತನದವರು. ಇವರೂ ಹೆರಿಗೆಯ ಕೋಣೆಗಳಲ್ಲಿ ದುಡಿದು, ಅಲ್ಲಿಂದ ಸರಕಾರದ ಸ್ತ್ರೀವೈದ್ಯರ ದಳಕ್ಕೆ ಮುಖ್ಯಸ್ಥರಾದವರು; ವೇಲೂರಿಗೆ ಮೊದಲನೇ ಭಾರತೀಯ ನಿರ್ದೇಶಕರು. ಅವರು ಹುಟ್ಟಿದ್ದು 1890ರಲ್ಲಿ. ಮನಸ್ಸಿಲ್ಲದ ಹುಡುಗಿಯೊಬ್ಬಳು ತಿಂಡಿವನಕ್ಕೆ ಬಂದಿಳಿದ ವರುಷದಲ್ಲೇ ದೇವರು ಅವಳ ಉತ್ತರಾಧಿಕಾರಿಯನ್ನು ತೊಟ್ಟಿಲಲ್ಲಿ ಮಲಗಿಸಿದ್ದನು.

ಮನೆಯಲ್ಲಿ ಓದುವ ಹೆಣ್ಣುಮಗುವಿರುವ ತಂದೆತಾಯಿಗಳೇ, ಅವಳ ಪುಸ್ತಕವನ್ನು ಮುಚ್ಚಿಸಿ ಮದುವೆಗೆ ಅವಸರಪಡುವ ಮೊದಲು ಆ ಮೂರು ಮನೆಗಳನ್ನು ನೆನಸಿರಿ.

ಈಡಾ ಅಮ್ಮನವರು 1960ರ ಮೇ ತಿಂಗಳಲ್ಲಿ, ತಮ್ಮ 89ನೇ ವಯಸ್ಸಿನಲ್ಲಿ, ಕೊಡೈಕನಾಲ್ ಬೆಟ್ಟದ ಮನೆಯಲ್ಲಿ ಕರ್ತನ ಸನ್ನಿಧಿಗೆ ಸೇರಿದರು. ಅದಕ್ಕೆ ಮುಂಚೆಯೇ, 1948ರಲ್ಲಿ, ಕುಷ್ಠದಿಂದ ಮಡಿಚಿಹೋದ ಬೆರಳುಗಳನ್ನು ಶಸ್ತ್ರಚಿಕಿತ್ಸೆಯಿಂದ ಬಿಚ್ಚಿ ಕೆಲಸಕ್ಕೆ ಬರಮಾಡುವ ವಿದ್ಯೆಯನ್ನು ಡಾಕ್ಟರ್ ಪಾಲ್ ಬ್ರಾಂಡ್ ಅದೇ ವೇಲೂರಿನಲ್ಲಿ ಆರಂಭಿಸಿದ್ದರು. ಅಮ್ಮನವರ ಕೈಗಳು ಅದನ್ನು ಕಲಿತಿರಲಿಲ್ಲ. ಅವರು ಕಟ್ಟಿದ ಮನೆಯಲ್ಲಿ ಬೇರೆಯವರ ಕೈಗಳು ಅದನ್ನು ಮಾಡಿದವು. ಇಂದಿಗೂ ಬೆಂಗಳೂರು ಕೋಲಾರಗಳ ಕಡೆಯಿಂದ ನಮ್ಮವರು ರೈಲು ಹತ್ತಿ ಕಾಟ್ಪಾಡಿಯಲ್ಲಿ ಇಳಿದು ಆ ಬಾಗಿಲನ್ನು ತಟ್ಟುತ್ತಾರೆ.