ಗದ್ದುಗೆಯ ಸುತ್ತಿನ ರಾಗಿ

ಮಣ್ಣಿನಲ್ಲಿ ಸಾರಜನಕ ಎಷ್ಟಿದೆ ಎಂದು ಅಳೆದು ಕೊಡುವುದು ನನ್ನ ಕಸುಬಾಗಿತ್ತು. ಯಾವ ರೂಪದಲ್ಲಿದೆ ಎಂದು ಕೇಳಿದವರು ಬಸವೇಶ್ವರನಗರದ ನಮ್ಮ ಎದುರುಮನೆಯ ಅಜ್ಜಿ. ಲಿಂಗಾಯತರು. ಯಜಮಾನರನ್ನು ಮಾಗಡಿ ಕಡೆಯ ಸ್ವಂತ ಹೊಲದಲ್ಲಿ, ಕೈಯಲ್ಲಿ ಇಷ್ಟಲಿಂಗವಿಟ್ಟು, ಕೂತ ಭಂಗಿಯಲ್ಲೇ ಸಮಾಧಿ ಮಾಡಿದ್ದಾರೆ. ಗದ್ದುಗೆಯ ಸುತ್ತ ರಾಗಿ. ‘ರಾಯರೇ, ನೀವು ಮಣ್ಣು ಓದಿದೋರು. ಆ ಮುದ್ದೆ ಉಣ್ಣೋಕೆ ಮನೇಲಿ ಹಿಂಜರೀತಾರೆ. ಅದರಲ್ಲಿ ಅವರು ಇದಾರೋ, ಇಲ್ವೋ?’

1883ರಲ್ಲಿ ಕೋಪನ್‌ಹೇಗನ್‌ನ ಕೆಲ್ಡಾಲ್ ರೂಪಿಸಿದ ವಿಧಾನ ಇದಕ್ಕೆ ಒದಗದು. ಕಡು ಸಲ್ಫ್ಯೂರಿಕ್ ಆಮ್ಲದಲ್ಲಿ ಕುದಿಸಿದರೆ ಎಲೆಯದು, ಸಗಣಿಯದು, ಮನುಷ್ಯನದು ಎಲ್ಲವೂ ಅಮೋನಿಯಂ. ಲೆಕ್ಕ ಸಿಗುತ್ತದೆ, ರೂಪ ಅಳಿದಿರುತ್ತದೆ.

ರೂಪ ಕೆಡಿಸದೆ ನೋಡಲು ಎನ್‌ಎಂಆರ್ ಬೇಕು, ಅಂದರೆ ಕಾಂತಕ್ಷೇತ್ರದಲ್ಲಿ ಪರಮಾಣು ಬೀಜಗಳ ಅನುರಣನ ನೋಡುವ ಯಂತ್ರ. ಅದು ಹುಡುಕುವ ಸಾರಜನಕ-15 ನಿಸರ್ಗದಲ್ಲಿ ಶೇ. 0.37 ಮಾತ್ರ, ಸಂಕೇತ ಅಷ್ಟು ಕ್ಷೀಣವಾದ್ದರಿಂದ ಯಂತ್ರ ಗಂಟೆಗಟ್ಟಲೆ ಓಡಬೇಕು. ಕೊಳೆತದ್ದರ ಸಾರಜನಕ ಗಿಡಗಳ ಲಿಗ್ನಿನ್ ಜೊತೆ ಬೆರೆತು ಗುರುತೇ ಸಿಗದ ಉಂಗುರದಂಥ ಅಣುಗಳಲ್ಲಿ ಸೇರುತ್ತದೆ ಎಂಬುದು ಹಳೆಯ ಪಾಠ. ಆದರೆ 1990ರ ದಶಕದ ರೋಹಿತಗಳಲ್ಲಿ ಎದ್ದು ಕಂಡದ್ದು ಅಮೈಡ್, ಅಂದರೆ ಪ್ರೋಟೀನನ್ನು ಹೆಣೆಯುವ ಕೊಂಡಿ. (ಉಂಗುರಗಳು ಹೆಚ್ಚಾಗಿ ಕಾಣುವುದು ಬೆಂಕಿ ತಗುಲಿದ ಮಣ್ಣಿನಲ್ಲಿ.)

ಎಂಥ ಕೊಂಡಿ ಎಂದು ಯಂತ್ರ ಹೇಳೀತು, ಯಾರ ಮೈಯದು ಎಂದು ಹೇಳದು. ಸೂಕ್ಷ್ಮಜೀವಿಗಳು ಅದನ್ನು ಮುರಿದು ತಮ್ಮ ಮೈ ಕಟ್ಟಿಕೊಳ್ಳುತ್ತವೆ, ಸಾಯುತ್ತವೆ, ಇನ್ನೊಂದಕ್ಕೆ ಊಟವಾಗುತ್ತವೆ. ರಾಗಿಯ ಬೇರು ಬಹುಪಾಲು ಹೀರುವುದು ನೈಟ್ರೇಟು, ಅಮೋನಿಯಂ. ಆ ಹೊತ್ತಿಗೆ ಕೊಂಡಿಯೂ ಕಳಚಿರುತ್ತದೆ. ಪ್ರಮಾಣವೂ ಅಷ್ಟಕ್ಕಷ್ಟೆ. ಮಳೆಯಾಶ್ರಿತ ರಾಗಿಗೆ ಎಕರೆಗೆ 20 ಕಿಲೋ ಸಾರಜನಕದ ಶಿಫಾರಸಿದೆ, ಮನುಷ್ಯನ ಮೈಯಲ್ಲಿರುವುದು ಸುಮಾರು 2 ಕಿಲೋ.

ಅಲ್ಲಮನಂಥ ಶರಣರು ವಚನಗಳಲ್ಲಿ ಹೇಳುವ ಬಯಲನ್ನು ಏನೂ ಉಳಿಯದ ಶೂನ್ಯವೆಂದು ಓದುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆ ಹೊಲದಲ್ಲಿ ದ್ರವ್ಯ ಇಲ್ಲವಾಗಿಲ್ಲ. ಹೋದದ್ದು ‘ಇದು ನನ್ನದು’ ಎಂಬ ಒಡೆತನ. ಹಾಗೆಂದು ರಸಾಯನಶಾಸ್ತ್ರ ಅಲ್ಲಮನ ಪರ ಸಾಕ್ಷಿ ಹೇಳಬೇಕಾಗಿಲ್ಲ, ಆತ್ಮದ ವಿಚಾರ ಅದರ ವ್ಯಾಪ್ತಿಗೆ ಬರುವುದೂ ಇಲ್ಲ. ಉಣ್ಣಿ ಎಂದೆ. ಆದರೆ ‘ಅವರಿಲ್ಲ’ ಎಂದು ಹೇಳಿ ಸಮಾಧಾನ ಮಾಡಲು ಹೋಗಲಿಲ್ಲ. ಅಜ್ಜಿಗೆ ಬೇಕಿದ್ದದ್ದು ಆ ಉತ್ತರವಲ್ಲ ಅನ್ನಿಸಿತು.

ನಮ್ಮಲ್ಲಿ ಸುಡುವ ಪದ್ಧತಿ. ಅಪ್ಪನ ಸಾರಜನಕದ ಬಹುಪಾಲು ಹರಿಶ್ಚಂದ್ರ ಘಾಟ್‌ನಿಂದ ಗಾಳಿಗೆ ಸೇರಿತು. ಗಾಳಿಯಲ್ಲಿ ಶೇ. 78 ಅದೇ ಇದೆ. ಅಜ್ಜಿಯ ಹೊಲದಲ್ಲಿ ರಾಗಿಯ ನಡುವೆ ಅಕ್ಕಡಿ ಸಾಲಿಗೆ ಅವರೆ ಹಾಕುತ್ತಾರೆ. ಅವರೆಯ ಬೇರಿನ ಗಂಟುಗಳಲ್ಲಿ ಕೂತ ರೈಜೋಬಿಯಂ ಗಾಳಿಯ ಸಾರಜನಕವನ್ನೇ ಹಿಡಿದು ಗಿಡಕ್ಕೆ ಉಣಿಸುತ್ತದೆ. ಆ ಅವರೆಕಾಯಲ್ಲಿ ನಮ್ಮಪ್ಪ ಇಲ್ಲವೇ ಇಲ್ಲ ಎಂದು ಪ್ರಮಾಣ ಮಾಡಿ ಹೇಳಲು ನನ್ನ ಕೈಲಾಗದು.